ಹದಿಮೂರನೆಯ ಸ್ಟ್ಯಾಂಡು

"ಏಯ್, ಏಳೇ ಮೇಲೆ! ಡಬ್ಬದ ನೆರಳಲ್ಲಿ ಕೂತ್ಕೊಂಡು ಬುಸ್ ಬುಸ್ ಅಂತ ಉಸಿರು ಬಿಡ್ತಿದೀಯಲ್ಲ, ನಿನ್ನ ಉಸಿರಿನ ತೇವ ತಗುಲಿ ಒಳಗಿರೋ ಮೆಷಿನ್ ಕೆಟ್ಟೋದ್ರೆ ನಿಮ್ಮಪ್ಪ ಬಂದು ರಿಪೇರಿ ಮಾಡ್ತಾನಾ?"

ಬಡಾವಣೆ ಸಂಘದ ಅಧ್ಯಕ್ಷರು ಬೈದದ್ದು ಗುಬ್ಬಿಯನ್ನು. ಗುಬ್ಬಿಗೆ ಬಸುರು ಏಳು ತಿಂಗಳು. ಹಸಿರು ಬಣ್ಣದ ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು, ಎರಡೂ ಕೈ ನೆಲಕ್ಕೂರಿ, ಮೊದಲು ಸೊಂಟ, ಆಮೇಲೆ ಹೊಟ್ಟೆ, ಕೊನೆಗೆ ತಾನು ಎಂಬಂತೆ ಕಂತು ಕಂತಾಗಿ ಎದ್ದಳು.

"ನಮ್ಮಪ್ಪ ಸತ್ತು ನಾಕು ವರ್ಷ ಆಯ್ತು ಸಾರ್."

"ಹಾಗಾದ್ರೆ ಇನ್ನೂ ದೂರ ಕೂತ್ಕೋ."

ಹತ್ತು ಹೆಜ್ಜೆ ಆಚೆ ವೆಲ್ಡಿಂಗ್ ಮಾಡುತ್ತಿದ್ದ ಅವಳ ಅಕ್ಕ ಮುಖದ ಗುರಾಣಿ ಎತ್ತಿ ನೋಡಿದಳು. ಕೈಯಲ್ಲಿ ಸದಾ ಬೆಂಕಿ ಉದುರುವುದರಿಂದ ಅವಳನ್ನು ಎಲ್ಲರೂ ಕಿಡಿಯಕ್ಕ ಎನ್ನುತ್ತಿದ್ದರು. ಏನೋ ಹೇಳಲು ಬಾಯಿ ತೆರೆದಳು. ಮೇಸ್ತ್ರಿ ಕಣ್ಣಲ್ಲೇ ಬೇಡ ಎಂದ. ಅವಳು ಗುರಾಣಿ ಕೆಳಗಿಳಿಸಿ ಒಂದು ರಾಡು ಪೂರ್ತಿ ಕರಗುವವರೆಗೂ ಒಂದೇ ಜಾಗದಲ್ಲಿ ಸುಟ್ಟಳು.

ದೊಡ್ಡ ಬಡಾವಣೆ ಅದು. ಅದರ ಉದ್ಯಾನದಲ್ಲಿ ವರ್ಷಾಂತ್ಯದ ರಜೆಗೆ ದೀಪಗಳ ಪ್ರದರ್ಶನ. ಮರಮರಕ್ಕೂ ಬಲ್ಬಿನ ಸರ. ಹಾಡು ಹಾಕಿದರೆ ಸರಗಳೆಲ್ಲ ತಾಳಕ್ಕೆ ಸರಿಯಾಗಿ ಕುಣಿಯಬೇಕು. ಹಾಗೆ ಕುಣಿಸುವುದು ಕಂಟ್ರೋಲರ್ ಎಂಬ ಡಬ್ಬ. ಅಂಥವು ಹನ್ನೆರಡು. ಬಯಲಲ್ಲಿ ನಿಲ್ಲಬೇಕಾದವು, ಹಾಗಾಗಿ ಒಂದೊಂದಕ್ಕೂ ಒಂದೊಂದು ಸ್ಟ್ಯಾಂಡು: ಆಂಗಲ್ ಕಬ್ಬಿಣದ ನಾಲ್ಕು ಕಾಲು, ಮಳೆನೀರು ಜಾರುವಂತೆ ಓರೆ ಚಾವಣಿ, ಒಳಗಿನ ಕಾವು ಹೊರಹೋಗಲು ಕಿಂಡಿ, ವೈರು ಕೆಳಗಿನಿಂದ ನುಸುಳಲು ತೂತು, ತೂತಿನ ಅಂಚು ವೈರನ್ನು ಗೀರಬಾರದೆಂದು ರಬ್ಬರು.

"ಡಬ್ಬಕ್ಕೆ ಸೆಕೆ ಆಗ್ಬಾರ್ದು, ಥಂಡಿ ಆಗ್ಬಾರ್ದು, ಕಾಲು ಒದ್ದೆ ಆಗ್ಬಾರ್ದು," ಎಂದು ಕಿಡಿಯಕ್ಕನ ಅತ್ತೆ ಹಾರೆ ಎತ್ತಿ ಕುಕ್ಕುತ್ತ ಹೇಳುತ್ತಿದ್ದಳು. "ಇನ್ನೊಂದ್ಸಲ ಹುಟ್ಟೋದಿದ್ರೆ ಡಬ್ಬ ಆಗಿ ಹುಟ್ಬೇಕು ಕಣೇ. ಮನುಷ್ಯರಾಗಿ ಏನ್ ಕಿಸಿದ್ವಿ?"

ಅತ್ತೆಗೆ ಅರವತ್ತು ದಾಟಿತ್ತು. ಗುಂಡಿ ತೋಡುವುದು ಅವಳ ಪಾಲು. ಆ ಗುಂಡಿಗೆ ಕಾಂಕ್ರೀಟು ತುಂಬುವವಳು ಗಾರೆ ಚಿಕ್ಕಮ್ಮ. ಅವಳು ಮಾತಾಡಿದ್ದನ್ನು ಕೇಳಿದವರು ಕಡಿಮೆ. ಗುಬ್ಬಿ ಬಣ್ಣ ಬಳಿಯುತ್ತಿದ್ದಳು. ಇವರ ಮೇಲೊಬ್ಬ ಮೇಸ್ತ್ರಿ. ಅಧ್ಯಕ್ಷರು ಏನು ಹೇಳಿದರೂ "ಹೂಂ ಸಾರ್" ಎನ್ನುವುದರಿಂದ ಅವನ ಹೆಸರೇ ಹೂಂ ಮೇಸ್ತ್ರಿ ಆಗಿತ್ತು.

ಇವರ ಕಷ್ಟ ಒಂದೇ. ಬೆಳಗ್ಗೆ ಏಳಕ್ಕೆ ಬಂದರೆ ಸಂಜೆ ಆರರವರೆಗೆ ಒಂದಕ್ಕೆ ಹೋಗಲು ಜಾಗವಿಲ್ಲ. ಕ್ಲಬ್ಬಿನಲ್ಲಿ ಬಿಳಿ ಕಲ್ಲಿನ ಆರು ಟಾಯ್ಲೆಟ್ಟುಗಳಿದ್ದವು, ಆರಕ್ಕೂ "ಸದಸ್ಯರಿಗೆ" ಎಂಬ ಬೋರ್ಡಿತ್ತು. ಮೇಸ್ತ್ರಿಗಾದರೆ ಕಾಂಪೌಂಡಿನ ಹಿಂದೆ ಹೇಗೋ ನಡೆದುಹೋಗುತ್ತಿತ್ತು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಆದರೆ ಹೊಟ್ಟೆಯಲ್ಲಿ ಕೂಸಿದ್ದವಳು ಎಷ್ಟೆಂದು ಬಿಟ್ಟಾಳು? ಕೂಸು ಒಳಗಿಂದ ಒದ್ದಾಗಲೆಲ್ಲ ಗುಬ್ಬಿ ಬ್ರಷ್ಷು ಬಿಸಾಕಿ ಸುತ್ತಮುತ್ತ ನೋಡುತ್ತಿದ್ದಳು.

ಒಂದು ದಿನ ಕಿಡಿಯಕ್ಕನೇ ಅವಳ ಕೈಹಿಡಿದು ಅಧ್ಯಕ್ಷರ ಮುಂದೆ ಹೋಗಿ ನಿಂತಳು. ಅವರು ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತು ನಾಯಿಯ ಕಿವಿ ಕೆರೆಯುತ್ತಿದ್ದರು.

"ಸಾರ್, ಇವಳೊಬ್ಬಳಿಗಾದ್ರೂ ಒಳಗೆ ಬಿಡಿ. ಬಸುರಿ."

"ಬಸುರಿಗೊಂದು ರೂಲು, ಬಾಣಂತಿಗೊಂದು ರೂಲು ಮಾಡೋಕಾಗುತ್ತೇನಮ್ಮ? ತಡ್ಕೋಬೇಕು. ಎಲ್ಲ ಮನಸ್ಸಲ್ಲಿರೋದು. ನಾನು ಮೀಟಿಂಗಲ್ಲಿ ಮೂರು ಮೂರು ಗಂಟೆ ತಡ್ಕೊಳಲ್ವಾ?"

"ಅಲ್ಲೊಂದು ಜಾಗ ಇದೆಯಲ್ಲ ಸಾರ್," ಎಂದು ಹಿಂದಿನಿಂದ ಬಂದ ಅತ್ತೆ ಉದ್ಯಾನದ ಮೂಲೆ ತೋರಿಸಿದಳು. ಅಲ್ಲಿ ಸಣ್ಣ ಬೇಲಿ, ಜರಡಿ ಹಿಡಿದ ಮರಳು, ನಡುವೆ ಒಂದು ಚಂದದ ಕಂಬ.

"ಅದು ನಾಯಿಗಳಿಗೆ! ಬೋರ್ಡ್ ಓದೋಕೆ ಬರಲ್ವಾ?"

"ಬೊಗಳಿದ್ರೆ ಬಿಡ್ತೀರಾ?"

ಅಧ್ಯಕ್ಷರ ಮುಖ ಕೆಂಪಾಯಿತು. ಅತ್ತೆ ನಿಜವಾಗಿಯೂ ಎರಡು ಸಲ ಬೊಗಳಿ ತೋರಿಸಿದಳು. ಅಧ್ಯಕ್ಷರ ನಾಯಿ ಬಾಲ ಅಲ್ಲಾಡಿಸಿತು, ಅದಕ್ಕೂ ಒಂದು ಏಟು ಬಿತ್ತು. ಅವರು ನೇರ ಒಳಗೆ ಹೋಗಿ, ಸಂಜೆ ಸುತ್ತಾಡಲು ಬಂದ ನೂರು ಜನಕ್ಕೂ ಕೇಳುವಂತೆ ಮೈಕಿನಲ್ಲಿ ಹೇಳಿಬಿಟ್ಟರು: "ಸ್ಟ್ಯಾಂಡಿನ ಕೆಲಸದ ಹೆಂಗಸರ ಗಮನಕ್ಕೆ. ಪೊದೆಗಳ ಹಿಂದೆ ಕ್ಯಾಮೆರಾ ಇದೆ. ನಮಗೆ ಎಲ್ಲವೂ ಕಾಣುತ್ತದೆ. ಧನ್ಯವಾದಗಳು."

ಸುತ್ತಾಡುತ್ತಿದ್ದವರು ಒಮ್ಮೆ ನಿಂತು, ಕಿಸಕ್ಕೆಂದು, ಮತ್ತೆ ನಡೆದರು. ಗುಬ್ಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮುಖವೆಲ್ಲ ಹಸಿರಾಯಿತು.

ಮರುದಿನ ಅವಳು ಏಣಿಯ ಬುಡದಲ್ಲಿ ತಲೆಸುತ್ತಿ ಬಿದ್ದಳು. ಆಸ್ಪತ್ರೆಯ ನರ್ಸಮ್ಮ ಬೈದ ರೀತಿಗೆ ಗೋಡೆಯ ಸುಣ್ಣ ಉದುರಬೇಕು: "ನೀರು ಕುಡಿಯಲ್ಲ, ಬಂದಿದ್ದನ್ನ ಬಿಡಲ್ಲ! ಒಳಗೆಲ್ಲ ಉರಿ ಹತ್ತಿದೆ. ಇನ್ನೊಂದ್ಸಲ ಹೀಗಾದ್ರೆ ಮಗು ಕೈಗೆ ಸಿಗಲ್ಲ, ತಿಳೀತಾ?"

ಆಸ್ಪತ್ರೆಯಿಂದ ಕಿಡಿಯಕ್ಕ ನೇರ ಕೆಲಸದ ಜಾಗಕ್ಕೆ ಬಂದು ಕತ್ತರಿಸಿ ಬಿಸಾಕಿದ್ದ ಕಬ್ಬಿಣದ ತುಂಡುಗಳ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಳು. ಒಂದೊಂದೇ ತುಂಡು ಎತ್ತಿ ಮೊಳ ಹಾಕಿ ಅಳೆದಳು.

"ಅತ್ತೆ, ಒಂದು ಗುಂಡಿ ಜಾಸ್ತಿ ತೋಡ್ತೀಯಾ? ಆಳವಾಗಿ?"

ಅತ್ತೆ ಸೊಸೆಯ ಮುಖ ನೋಡಿದಳು, ರಾಶಿ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ತೋಡ್ತೀನಿ. ಈ ಸಲ ಪ್ರೀತಿಯಿಂದ ತೋಡ್ತೀನಿ."

ಊಟದ ಬಿಡುವಿನಲ್ಲಿ ಮೂರು ದಿನ ಕದ್ದು ದುಡಿದರು. ಗಾರೆ ಚಿಕ್ಕಮ್ಮ ಒಡೆದ ಹಾಸುಗಲ್ಲು ಜೋಡಿಸಿ, ಗುಂಡಿಯ ಮೇಲೆ ಕೂರುವಂತೆ ಹದ ಮಾಡಿದಳು. ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ನೆಟ್ಟಳು. ಕಿಡಿಯಕ್ಕ ಆಳೆತ್ತರದ ಚೌಕಟ್ಟು ಬೆಸೆದು ಅದರ ಮೇಲೆ ಕೂರಿಸಿ ನಟ್ಟು ಬಿಗಿದಳು. ಓರೆ ಚಾವಣಿ, ಗಾಳಿಕಿಂಡಿ, ಒಳಗಿನಿಂದ ಚಿಲಕ. ಹಿಂಬದಿಗೆ ತಗಡು ಸಾಲಲಿಲ್ಲ. ಕಸದ ಗುಡ್ಡೆಯಲ್ಲಿ ಹೋದ ವರ್ಷದ ಬೋರ್ಡೊಂದು ಸಿಕ್ಕಿತು: ಅಧ್ಯಕ್ಷರು ಕೈಮುಗಿದು ನಗುತ್ತಿರುವ ಆಳೆತ್ತರದ ಚಿತ್ರ. ಹೊರಗೆ ಕಾಣದಿರಲೆಂದು ಮುಖ ಒಳಗೆ ಮಾಡಿ ಬೆಸೆದುಬಿಟ್ಟಳು.

ಮೊದಲು ಹೋದವಳು ಅತ್ತೆ. ಹೋದಷ್ಟೇ ಬೇಗ ಹೊರಬಂದಳು.

"ಆ ಬೋಳಿಮಗ ಕೈಮುಗ್ದು ನೋಡ್ತಾ ನಿಂತಿದ್ರೆ ನಂಗೆ ಬರಲ್ಲ ಕಣ್ರೇ!"

ಗುಬ್ಬಿ ಹೋಗಿ ಅಧ್ಯಕ್ಷರ ಎರಡೂ ಕಣ್ಣಿಗೆ ಹಸಿರು ಬಳಿದು ಬಂದಳು. ಆಮೇಲೆ ಎಲ್ಲರಿಗೂ ಬಂತು.

ಹೊರಗಡೆ ಬಾಗಿಲ ಮೇಲೆ ಅವಳೇ ಕೆಂಪಕ್ಷರದಲ್ಲಿ ಬರೆದಳು: "ಕಂಟ್ರೋಲರ್ ೧೩. ಅಪಾಯ. ಹತ್ತಿರ ಬರಬೇಡಿ." ಹೂಂ ಮೇಸ್ತ್ರಿ ಅದನ್ನು ನೋಡಿ ತಲೆಮೇಲೆ ಕೈಹೊತ್ತ. "ನನ್ನ ಹೊಟ್ಟೆಮೇಲೆ ಹೊಡೀತೀರಲ್ರೇ!" ಎಂದು ಅತ್ತುಕೊಂಡ. ಆದರೆ ಬಿಚ್ಚಿ ಎನ್ನಲಿಲ್ಲ.

ಅಧ್ಯಕ್ಷರು ತಪಾಸಣೆಗೆ ಬಂದದ್ದು ಅದರ ಮರುದಿನ. ಹನ್ನೆರಡನ್ನೂ ಬೆರಳಿನಿಂದ ತಟ್ಟಿ, ಹದಿಮೂರನೆಯದರ ಮುಂದೆ ನಿಂತರು.

"ಇದ್ಯಾಕೆ ಇಷ್ಟು ಎತ್ತರ?"

ಮೇಸ್ತ್ರಿ "ಹೂಂ ಸಾರ್" ಎಂದ. ಬೇರೇನೂ ಹೊಳೆಯಲಿಲ್ಲ.

"ಇದು ಮೇನ್ ಸಾರ್," ಎಂದಳು ಕಿಡಿಯಕ್ಕ. "ಅರ್ಥಿಂಗು. ದಿನಾ ತುಂಬ್ಕೊಂಡ ಒತ್ತಡ ಎಲ್ಲ ಇಲ್ಲಿ ಬಂದು ಭೂಮಿಗೆ ಇಳಿಯೋದು. ಇದಿಲ್ಲ ಅಂದ್ರೆ ಸಿಡಿದೇ ಹೋಗುತ್ತೆ."

ಆಗಲೇ ಒಳಗಿಂದ ಸುರ್ರ್ ಎಂಬ ಸದ್ದು ಬಂತು. ಗುಬ್ಬಿ ಒಳಗಿದ್ದಳು.

"ಏನದು ಸದ್ದು?"

"ಇಳೀತಿದೆ ಸಾರ್."

ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದು, ತಲೆದೂಗಿ, "ನಾಡಿದ್ದು ಮುಖ್ಯ ಅತಿಥಿಗಳು ಮೇನ್ ಒತ್ತಿಯೇ ಉದ್ಘಾಟನೆ ಮಾಡ್ಲಿ. ಇದಕ್ಕೊಂದು ರಿಬ್ಬನ್ ಕಟ್ಟಿ," ಎಂದು ಹೋದರು. ಮೇಸ್ತ್ರಿ ರಿಬ್ಬನ್ ಹುಡುಕಿಕೊಂಡು ಓಡಿದ.

ಉದ್ಘಾಟನೆಯ ದಿನ ಹೊತ್ತು ಮುಳುಗುವ ವೇಳೆಗೆ ಉದ್ಯಾನ ತುಂಬಿತ್ತು. ಮುಖ್ಯ ಅತಿಥಿ ಎಪ್ಪತ್ತು ದಾಟಿದ, ಕೋಲು ಹಿಡಿದ, ಒಂದು ಕಾಲದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಹೆಂಗಸು. ಎರಡು ಗಂಟೆಯ ಭಾಷಣ ಕೇಳಿ ಆಕೆಯ ಮುಖ ಬಾಡಿತ್ತು. ಕೆಲಸದವರು ವೈರು ಕಾಯಲು ಹಿಂದೆ ನಿಂತಿದ್ದರು. ಮೇನ್ ಅಂತ ಬೇರೊಂದು ಸ್ವಿಚ್ಚು ತೋರಿಸಿದರಾಯಿತು ಎಂದು ಮೇಸ್ತ್ರಿ ಓಡಾಡುತ್ತಿದ್ದ. ಓಡಾಟದಲ್ಲಿ ಅತ್ತೆ ಎಲ್ಲಿದ್ದಾಳೆಂದು ಯಾರೂ ನೋಡಲಿಲ್ಲ. ಅವಳು ರಿಬ್ಬನ್ ಕೆಳಗೆ ನುಸುಳಿ ಹದಿಮೂರನೆಯದರ ಒಳಗೆ ಹೋಗಿ, ಚಿಲಕ ಹಾಕಿಕೊಳ್ಳುವುದನ್ನೂ ಮರೆತಿದ್ದಳು.

ಅಧ್ಯಕ್ಷರು ರಿಬ್ಬನ್ ಸರಿಸಿ, "ಈಗ ನಮ್ಮ ಪ್ರದರ್ಶನದ ಹೃದಯ!" ಎಂದು ಬಾಗಿಲೆಳೆದರು.

"ಒಳಗಿದೀನ್ರೀ! ಕಣ್ಣು ಕಾಣಲ್ವೇನ್ರೀ? ಹಾಕ್ರೀ ಬಾಗ್ಲು!"

ಚಪ್ಪಾಳೆಗೆಂದು ಇನ್ನೂರು ಜನ ಎತ್ತಿದ್ದ ಕೈಗಳು ಗಾಳಿಯಲ್ಲೇ ಉಳಿದವು. ಬಾಗಿಲು ಒಳಗಿಂದಲೇ ಧಡಾರನೆ ಮುಚ್ಚಿಕೊಂಡಿತು. ಮುಖ್ಯ ಅತಿಥಿ ಕೋಲೂರಿಕೊಂಡು ಮುಂದೆ ಬಂದು ತಗಡಿನ ಮೇಲೆ ಮೆಲ್ಲಗೆ ತಟ್ಟಿದರು.

"ಮುಗೀತೇನಮ್ಮ? ಮುಂದಿನ ಸರದಿ ನಂದು. ಆಗ್ಲಿಂದ ಜೀವ ಹೋಗ್ತಿದೆ. ಕ್ಲಬ್ಬಿಗೆ ಆ ಮೆಟ್ಟಿಲು ಹತ್ತೋದು ನನ್ನ ಕೈಲಾಗಲ್ಲ."

ಅತ್ತೆ ಹೊರಬಂದಳು, ಆಕೆ ಒಳಗೆ ಹೋದರು. ಅವರ ಹಿಂದೆ ಕಾರ್ಯದರ್ಶಿಯ ಹೆಂಡತಿ ನಿಂತಳು, ಅವಳ ಹಿಂದೆ ಖಜಾಂಚಿಯ ತಾಯಿ. ನೋಡುನೋಡುತ್ತ ಹನ್ನೊಂದು ಜನರ ಸಾಲಾಯಿತು. ಹೊರಬಂದ ಮುಖ್ಯ ಅತಿಥಿ ಅಧ್ಯಕ್ಷರ ಕೈಕುಲುಕಿ, "ಒಳಗೆ ನಿಮ್ಮ ಚಿತ್ರ ಹಾಕಿಸಿದೀರಿ, ಅದೂ ಕಣ್ಣಿಗೆ ಬಣ್ಣ ಬಳಿಸಿ! ಎಂಥಾ ಮರ್ಯಾದಸ್ಥರು!" ಎಂದರು.

ಅಧ್ಯಕ್ಷರಿಗೆ ಆಗ ಜ್ಞಾನೋದಯವಾಯಿತು. ಮೈಕು ಹಿಡಿದು, ಇದು ಸಂಘದ ಕೊಡುಗೆ, ತಮ್ಮದೇ ಕಲ್ಪನೆ ಎಂದು ಹೇಳಿದರು. ಚಪ್ಪಾಳೆ ಬಿತ್ತು. ಸಾಲು ಕರಗಿ ಜನ ದೀಪ ನೋಡಲು ಕುರ್ಚಿಗಳತ್ತ ಹೋದ ಮೇಲೆ ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದರು.

"ಆ ಹೆಂಗಸರನ್ನ ಈಗಿಂದೀಗಲೇ ಗೇಟಿಂದಾಚೆ ಹಾಕು. ನಾಳೆಯಿಂದ ಅವರ ಮುಖ ಕಾಣ್ಬಾರ್ದು. ಇದಕ್ಕೊಂದು ಬೀಗ ತಾ. 'ಗಣ್ಯರಿಗೆ ಮಾತ್ರ' ಅಂತ ಬೋರ್ಡ್ ಬರೆಸು. ಹೂಂ ಅನ್ನು."

ಮೇಸ್ತ್ರಿ ಏನನ್ನೂ ಅನ್ನಲಿಲ್ಲ. ಅದನ್ನು ಗಮನಿಸಲು ಅಧ್ಯಕ್ಷರಿಗೆ ಪುರಸೊತ್ತಿರಲಿಲ್ಲ. ವೇದಿಕೆಯಲ್ಲಿ ಮೂರು ಲೋಟ ಶರಬತ್ತು ಕುಡಿದಿದ್ದರು. ಒಳಗೆ ನುಗ್ಗಿ ಚಿಲಕ ಹಾಕಿಕೊಂಡರು. ಆ ಗಳಿಗೆಗೇ ಹಾಡು ಶುರುವಾಯಿತು. ಹನ್ನೆರಡು ಡಬ್ಬಗಳು ಒಟ್ಟಿಗೆ ಎಚ್ಚೆತ್ತವು. ಮರಗಳು ಕೆಂಪಾಗಿ, ನೀಲಿಯಾಗಿ ಕುಣಿಯತೊಡಗಿದವು.

ತಗಡಿನ ಹಿಂದೆ ನಿಂತು ಅವರ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಕಿಡಿಯಕ್ಕ ಸೊಂಟದಿಂದ ಸ್ಪ್ಯಾನರ್ ತೆಗೆದಳು.

"ಏನೇ ಮಾಡ್ತಿ?" ಎಂದಳು ಗುಬ್ಬಿ.

"ಅವರ ಗುಂಡಿ ಅವರಿಗಿರ್ಲಿ. ಈ ತಗಡು ಅವರು ಬಿಸಾಕಿದ್ದು, ನಾವು ಆರಿಸ್ಕೊಂಡಿದ್ದು. ನಮ್ಮದನ್ನ ನಾವು ತಗೊಂಡ್ಹೋಗೋಣ."

ನಾಲ್ಕು ನಟ್ಟುಗಳು. ಎರಡನ್ನು ಅವಳು ಬಿಚ್ಚಿದಳು, ಎರಡನ್ನು ಅತ್ತೆ. ಡೋಲಿನ ಅಬ್ಬರದಲ್ಲಿ ಕಬ್ಬಿಣದ ಕಿರಿಕಿರಿ ಯಾರಿಗೆ ಕೇಳಬೇಕು? ಒಂದು ಮೂಲೆಗೆ ಕಿಡಿಯಕ್ಕ, ಒಂದಕ್ಕೆ ಅತ್ತೆ, ಒಂದಕ್ಕೆ ಗಾರೆ ಚಿಕ್ಕಮ್ಮ ನಿಂತರು. ನಾಲ್ಕನೆಯದಕ್ಕೆ ಗುಬ್ಬಿ ಕೈಹಾಕಲು ಬಂದಳು. ಹೂಂ ಮೇಸ್ತ್ರಿ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

"ನೀನು ಎತ್ತಬಾರ್ದು ಕಣಮ್ಮ," ಎಂದವನೇ ಟವಲನ್ನು ಭುಜದ ಮೇಲೆ ಮಡಿಸಿಟ್ಟುಕೊಂಡ.

"ಎತ್ರೇ," ಎಂದಳು ಗಾರೆ ಚಿಕ್ಕಮ್ಮ. ವರ್ಷಗಟ್ಟಲೆ ಬಾಂಡ್ಲಿ ಹೊತ್ತ ಭುಜಗಳು. ಚೌಕಟ್ಟು ಹೂವಿನ ಹಾಗೆ ಮೇಲೆದ್ದಿತು. ಎದೆಮಟ್ಟ, ಭುಜದಮಟ್ಟ. ಬಾಗಿಲು, ಚಾವಣಿ, ಹಾಕಿದ ಚಿಲಕ, ಎಲ್ಲ ಒಟ್ಟಿಗೆ. ಕೆಳಗೆ ಉಳಿದದ್ದು ಹಾಸುಗಲ್ಲು ಮತ್ತು ಅದರ ಮೇಲೆ ಅಧ್ಯಕ್ಷರು.

ಮೊದಲು ಅವರಿಗೆ ತಣ್ಣನೆಯ ಗಾಳಿ ತಗುಲಿರಬೇಕು. ತಲೆಯೆತ್ತಿದರು. ಚಾವಣಿ ತೂಗಾಡುತ್ತ ದೂರ ಹೋಗುತ್ತಿತ್ತು. ಎದುರಿಗೆ ಇನ್ನೂರು ಕುರ್ಚಿಗಳು ಒಂದೊಂದಾಗಿ ಈ ಕಡೆ ತಿರುಗತೊಡಗಿದ್ದವು.

"ದೀಪ ಆರ್ಸೀ! ಯಾರಾದ್ರೂ ದೀಪ ಆರ್ಸ್ರೋ!" ಎಂದು ಅವರು ಕೂಗಿದ್ದು ಕಿಡಿಯಕ್ಕನ ಬೆನ್ನಿಗೆ ಕೇಳಿಸಿತು. ಅವಳು ಹಿಂತಿರುಗಲಿಲ್ಲ, ಭುಜದ ಭಾರ ತಪ್ಪಿಸುವ ಹಾಗಿರಲಿಲ್ಲ. ಎಡ, ಬಲ, ಎಡ ಎಂದು ಅತ್ತೆ ಹೆಜ್ಜೆ ಹೇಳುತ್ತಿದ್ದಳು. ಗುಬ್ಬಿ ಹೊಟ್ಟೆ ಹಿಡಿದು ನಗುತ್ತ, ಅಳುತ್ತ ಮುಂದೆ ಓಡಿ ಗೇಟು ತೆರೆದಳು.

ದೀಪ ಆರಿಸಲು ಡಬ್ಬ ತೆರೆಯಬೇಕು. ಹನ್ನೆರಡು ಡಬ್ಬಗಳ ಬೀಗದ ಗೊಂಚಲು ಅಧ್ಯಕ್ಷರ ಪ್ಯಾಂಟಿನ ಜೇಬಿನಲ್ಲಿತ್ತು, ಪ್ಯಾಂಟು ಅವರ ಕಣಕಾಲಿನಲ್ಲಿತ್ತು. ಬೋಳುತಲೆ ಕೆಂಪಾಯಿತು, ಹಸಿರಾಯಿತು, ಹಳದಿಯಾಯಿತು. ಹಾಡು ಮುಗಿಯಲು ಇನ್ನೂ ಹನ್ನೊಂದು ನಿಮಿಷವಿತ್ತು.