ಮೂರನೆಯ ಓಟಗಾರ್ತಿಯ ಕೈಸನ್ನೆ

೧

ಮೊದಲು ನನ್ನ ಒಂದು ಸಣ್ಣ ಅಳುಕನ್ನು ನನಗೇ ಹೇಳಿಕೊಂಡುಬಿಡುತ್ತೇನೆ. ಈ ಕಥೆಯಲ್ಲಿ ಓಡಿದವಳು ಅಕ್ಕ. ನಾನು ಬನಹಟ್ಟಿಯ ನಮ್ಮ ಮನೆಯಲ್ಲಿ, ಟಿವಿಯ ಮುಂದೆ, ಮೊಣಕಾಲು ಅಪ್ಪಿಕೊಂಡು ಕೂತಿದ್ದೆ. ಕೂತವಳಿಗೆ ಓಟದ ಕಥೆ ಬರೆಯುವ ಹಕ್ಕು ಎಲ್ಲಿಂದ ಬಂತು? ಜಮಖಂಡಿಯ ಕಾಲೇಜಿಗೆ ಹೋಗುವಾಗ ಕಣ್ಣೆದುರೇ ಬಸ್ಸು ಹೊರಟರೂ ನಾನು ಅದರ ಹಿಂದೆ ಓಡಿದವಳಲ್ಲ, ಜನ ನೋಡುತ್ತಾರೆಂದು. ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಹಾಗೆ ಕಾದೂ ಕಾದೂ ಬಿ.ಎ. ಮುಗಿಸಿದೆ.

ಹಾಗಾದರೆ ಎಲ್ಲಿಂದ ಶುರು ಮಾಡಲಿ?

ಪಿಸ್ತೂಲಿನಿಂದ ಶುರು ಮಾಡಿ ನೋಡಿದೆ. “ಢಂ ಎಂದಿತು. ಶ್ರೀದೇವಿ ಚಿಮ್ಮಿದಳು.” ಹೊಡೆದು ಹಾಕಿದೆ, ಏಕೆಂದರೆ ಸುಳ್ಳು. ಅಕ್ಕ ಓಡುವುದು ನಾಲ್ಕು ಜನರ ರಿಲೇಯಲ್ಲಿ, ಮೂರನೆಯವಳಾಗಿ. ಪಿಸ್ತೂಲು ಹಾರಿದಾಗ ಮೂರನೆಯವಳು ಮೈದಾನದ ಇನ್ನೊಂದು ತುದಿಯಲ್ಲಿ ಬಗ್ಗಿ, ಹಿಂದಕ್ಕೆ ನೋಡುತ್ತ ನಿಂತಿರುತ್ತಾಳೆ. ಟ್ರ್ಯಾಕಿನ ಮೇಲೆ ತಾನೇ ಅಂಟಿಸಿಟ್ಟ ಟೇಪಿನ ಗುರುತನ್ನು ಎರಡನೆಯವಳು ದಾಟಿದ ಕೂಡಲೇ ಇವಳು ಹೊರಡಬೇಕು. ಆಮೇಲೆ ಹಿಂದೆ ತಿರುಗುವಂತಿಲ್ಲ. ಕೈಯೊಂದನ್ನು ಹಿಂದಕ್ಕೆ ಚಾಚಿ, ಬ್ಯಾಟನ್ ಎಂಬ ಕೋಲು ಬರುತ್ತದೆಂದು ನಂಬಿ ಓಡಬೇಕು.

“ನಮ್ಮ ತಾಲೂಕಿನ ಹೆಮ್ಮೆಯ ಕುವರಿ” ಎಂದು ಇನ್ನೊಂದು ಸಲ ಶುರು ಮಾಡಿದೆ. ಅದು ಬ್ಯಾನರಿನ ಭಾಷೆ. ಅದರ ಕೆಳಗೆ ಶುಭ ಕೋರುವವರ ಫೋಟೋಗಳೂ ಬೇಕಾಗುತ್ತವೆ. ಬಿಟ್ಟೆ.

(ಓದುಗರೇ, ಗಾಬರಿಯಾಗಬೇಡಿ. ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ. ನಾನಿದನ್ನು ಬರೆಯುತ್ತಿರುವಾಗ ಅಕ್ಕ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಚುನಮರಿ, ಅಂದರೆ ಮಂಡಕ್ಕಿ, ತಿನ್ನುತ್ತಿದ್ದಾಳೆ. ಕಾಲು ಎರಡೂ ಇವೆ, ನೋಡಿ ಬಂದೆ. ಆ ನಿರಾಳದಿಂದಲೇ ನನಗೆ ಹೀಗೆ ಆಟವಾಡುತ್ತ ಬರೆಯಲು ಆಗುತ್ತಿದೆ. ಆ ದಿನಗಳಲ್ಲಿ ಡೈರಿಯಲ್ಲಿ ತಾರೀಖು ಹಾಕಿ ಪುಟ ಖಾಲಿ ಬಿಡುತ್ತಿದ್ದೆ.)

೨

ಕ್ರೀಡಾಕೂಟ ಯಾವ ದೇಶದಲ್ಲಿ, ಯಾವ ವರ್ಷ ನಡೆಯಿತೆಂದು ಹೇಳುವುದಿಲ್ಲ. ಹೇಳಿದರೆ ನೀವು ಫೋನ್ ತೆಗೆದು ಫಲಿತಾಂಶ ಹುಡುಕುತ್ತೀರಿ, ಆಮೇಲೆ ನನ್ನ ಕಥೆಯ ಗತಿಯೇನು? ಏಷ್ಯಾದ ದೇಶಗಳೆಲ್ಲ ಸೇರಿದ್ದ ದೊಡ್ಡ ಕೂಟ ಎಂದುಕೊಳ್ಳಿ. ಮಹಿಳೆಯರ ರಿಲೇ, ನಾಲ್ವರಿಗೂ ತಲಾ ನೂರು ಮೀಟರ್. ಮೊದಲು ಹೀಟ್ಸ್ ಎನ್ನುವ ಅರ್ಹತಾ ಸುತ್ತು, ಒಂದು ದಿನ ಬಿಟ್ಟು ಫೈನಲ್.

ಹೀಟ್ಸ್ ದಿನ ನಮ್ಮ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಪಾವರ್ ಮಗ್ಗದ ಖಟಖಟದಲ್ಲೇ ತೊಟ್ಟಿಲು ತೂಗಿಸಿಕೊಂಡು ಬೆಳೆದವರು ನಾವು. ಸದ್ದಿದ್ದರೆ ನಿದ್ದೆ, ಸದ್ದು ನಿಂತರೆ ಎಚ್ಚರ. ಅವತ್ತು ಇಡೀ ಓಣಿ ಎಚ್ಚರವಾಗಿ ನಮ್ಮ ಮನೆಯಲ್ಲಿ ಕೂತಿತ್ತು. ಮುಂದೆ ಅಪ್ಪ ಕಾಶಪ್ಪ. ಬಾಗಿಲಿಗೆ ಆತು ಅವ್ವ ಶಿವಗಂಗವ್ವ. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಎದುರುಮನೆಯ ಗಿರಮಲ್ಲಪ್ಪ ಕಾಕಾ.

“ಕಾಶಪ್ಪಾ, ನಿನ್ನ ಮಗಳ ಅಂಗಿ ಭಾಳ ಸಣ್ಣದಾತಪಾ,” ಎಂದ ಕಾಕಾ.

“ನಿನ್ನ ಧೋತರ ಕೊಟ್ಟ ಕಳಸಬೇಕಾಗಿತ್ತ, ಸುತಗೊಂಡ ಓಡತಿದ್ಲು,” ಎಂದಳು ಅವ್ವ, ಬಾಗಿಲಿನಿಂದ ಅಲ್ಲಾಡದೆ.

ಓಟ ಶುರುವಾಯಿತು. ಅಕ್ಕ ಓಡಿದ್ದು ತಿರುವಿನ ಭಾಗ. ಈ ವಾಕ್ಯ ಬರೆಯಲು ಹಿಡಿದದ್ದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅವಳ ಪಾಲು ಮುಗಿಯಿತು. ನಮ್ಮ ತಂಡ ಫೈನಲ್ ಮುಟ್ಟಿತು. ಓಣಿ ಎದ್ದು ನಿಂತಿತು. ಟಿವಿಯಲ್ಲಿ ನಾಲ್ವರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಗುತ್ತಿದ್ದರು. ಕ್ಯಾಮೆರಾ ಅಕ್ಕನ ಮುಂದೆ ಬಂತು.

ಅಕ್ಕ ಕ್ಯಾಮೆರಾ ನೋಡಿದಳು. ಎದೆಯ ಮುಂದೆ ಎರಡೂ ಮುಷ್ಟಿ ಜೋಡಿಸಿ ಪಟ್ಟನೆ ಆಚೀಚೆ ಎಳೆದಳು. ಆಮೇಲೆ ಬಲಗೈಯಿಂದ ತೊಡೆಯ ಹಿಂಭಾಗ ಮುಟ್ಟಿಕೊಂಡಳು.

ಎದ್ದು ನಿಂತಿದ್ದ ಓಣಿ ಹಾಗೇ ನಿಂತಿತು.

೨, ಮತ್ತೊಮ್ಮೆ

(ಮೂರಕ್ಕೆ ಹೋಗುವ ಮುಂಚೆ ಇದನ್ನು ವಿವರಿಸಬೇಕು. ಒಳ್ಳೆಯ ಲೇಖಕಿ ವಿವರಿಸದೆಯೇ ತಿಳಿಸುತ್ತಿದ್ದಳು.)

ಮಗ್ಗದ ಮನೆಯಲ್ಲಿ ಮಾತು ಕೇಳಿಸುವುದಿಲ್ಲ, ಹಾಗಾಗಿ ಕೈಯಲ್ಲಿ ಮಾತಾಡುತ್ತೇವೆ. ಹೆಬ್ಬೆರಳು ತುಟಿಗೆ ಬಂದರೆ ಚಹಾ. ಅಂಗೈ ಕೆನ್ನೆಗೆ ಬಂದರೆ ಕೂಸು ಮಲಗಿದೆ. ಮುಷ್ಟಿ ಜೋಡಿಸಿ ಎಳೆದರೆ, ಎಳೆ ಹರಿದಿದೆ. ಎಳೆ ಹರಿದ ಮೇಲೂ ಮಗ್ಗ ನಡೆದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ; ಹರಿದ ಎಳೆ ಪಕ್ಕದವುಗಳಿಗೆ ಸುತ್ತಿಕೊಂಡು ಅವನ್ನೂ ಹರಿಯುತ್ತದೆ. ಅದಕ್ಕೇ ಓಣಿಯಲ್ಲೊಂದು ಪದ್ಧತಿ ಇದೆ. ಹರಿದದ್ದನ್ನು ಮೊದಲು ಕಂಡವರು ಮಗ್ಗ ನಿಲ್ಲಿಸಬೇಕು. ಮಗ್ಗ ಯಾರದೇ ಇರಲಿ, ಕಂಡವರು ಬರೀ ಚಹಾ ಕುಡಿಯಲು ಬಂದವರೇ ಇರಲಿ.

ನಾವು ಸಿಕ್ಕಿಬಿದ್ದದ್ದು ಆ ಪದ್ಧತಿಯಲ್ಲೇ. ಅಕ್ಕನ ತೊಡೆಯಲ್ಲಿ ಎಳೆ ಹರಿದದ್ದನ್ನು ಕಂಡವರು ಅವಳ ಓಟ ನಿಲ್ಲಿಸಬೇಕಾಗುತ್ತಿತ್ತು, ಅದು ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಯಾರೂ ಏನನ್ನೂ ಕಂಡಿರಲಿಲ್ಲ.

“ಟಾಟಾ ಮಾಡಿದ್ಲ ನೋಡ,” ಎಂದ ಗಿರಮಲ್ಲಪ್ಪ ಕಾಕಾ.

“ಹೂಂ, ಟಾಟಾ,” ಎಂದ ಅಪ್ಪ.

“ಕೈ ಜೋಮ ಹಿಡದಿರಬೇಕ,” ಎಂದಳು ಅವ್ವ.

ನಾನು ಏನೂ ಹೇಳಲಿಲ್ಲ. ನಾನು ಯಾವತ್ತೂ ಏನೂ ಹೇಳುವುದಿಲ್ಲವಾದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ. ಸಂಕೋಚದವರಿಗೆ ಇರುವ ಒಂದೇ ಸವಲತ್ತು ಇದು.

ಟಿವಿಯಲ್ಲಿ ವಿವರಣೆ ಹೇಳುವಾತ ಮಾತ್ರ ಸುಮ್ಮನಿರಲಿಲ್ಲ. ಅಕ್ಕ ಬಿಲ್ಲಿಗೆ ಬಾಣ ಹೂಡಿ ಎಳೆದಳು, ಇದು ಫೈನಲ್‌ಗೆ ಕೊಟ್ಟ ಎಚ್ಚರಿಕೆ ಎಂದುಬಿಟ್ಟ. ಅಷ್ಟು ಸಾಕಾಯಿತು. ಸಂಜೆಯೊಳಗೆ ಮುಧೋಳದಲ್ಲಿರುವ ಅವ್ವನ ತಂಗಿಯ ಮಕ್ಕಳು ಮುಷ್ಟಿ ಎಳೆದು ಸ್ಟೇಟಸ್ ಹಾಕಿದರು. ಬೀಳಗಿಯ ಯಾವುದೋ ಯುವಕ ಸಂಘ ಸಾಲಾಗಿ ನಿಂತು ಎಳೆಯಿತು. ಮಹಾಲಿಂಗಪುರದಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರು ಪೇರಿಸಿಟ್ಟ ಬೆಲ್ಲದುಂಡೆಗಳ ಮುಂದೆ ನಿಂತು, ಹೊಟ್ಟೆ ಒಳಗೆಳೆದುಕೊಂಡು, ಮುಷ್ಟಿ ಎಳೆದರು. ನಾಲ್ಕು ಊರಿನ ಜನ ಸಂಭ್ರಮದಿಂದ ಎಳೆ ಹರಿಯುತ್ತಿದ್ದರು, ಅದರ ಅರ್ಥ ಗೊತ್ತಿದ್ದ ನಮ್ಮ ಓಣಿ ಲೈಕ್ ಒತ್ತುತ್ತಿತ್ತು.

೪

(ಮೂರು ಇಲ್ಲ. ಅದರಲ್ಲಿ ನಾನು ತುಂಬ ಅತ್ತಿದ್ದೆ, ತೆಗೆದೆ.)

ಅಕ್ಕ ಚುನಮರಿಯ ಬಟ್ಟಲು ಹಿಡಿದು ಬಂದು ನನ್ನ ಹಿಂದೆ ನಿಂತು ಓದಿದಳು.

“ಲೇ ಅನು, ಮದಲ ಬರದಿದ್ರಾಗ ನನ್ನ ಕುಂಟಸೀದಿ. ನಾ ಕುಂಟಿಲ್ಲ.”

“ಕಥಿಗೆ ಬೇಕಾಗಿತ್ತಕ್ಕಾ.”

“ಕಥಿಗೆ ಬೇಕಾದ್ರ ನೀ ಕುಂಟು.”

ತೆಗೆದೆ. ನೀವು ಓದಿದ ಪ್ರತಿಯಲ್ಲಿ ಅವಳು ಕುಂಟುವುದಿಲ್ಲ, ತಿರುಗಿ ನೋಡಬೇಕಾಗಿಲ್ಲ.

“ಮತ್ತ ಕ್ಯಾಮರಾ ನೋಡಿ ಎಳದ್ಲು ಅಂತ ಬರದಿ,” ಎಂದಳು. “ಕ್ಯಾಮರಾಕ್ಕ ನಂದೇನ ಕೆಲಸ? ನಾ ಮಾಡಿದ್ದು ಅವ್ವಗ.”

“ಕೋಚ್‌ಗೆ ಓಟ ಮುಗದ ಕೂಡಲೆ ಯಾಕ ಹೇಳಲಿಲ್ಲ?”

ಅವಳು ಬಟ್ಟಲಿನಲ್ಲಿ ಶೇಂಗಾ ಹುಡುಕಿದಳು.

“ಹೇಳಿದ್ರ ಆಗಿಂದಾಗ ತಗೀತಿದ್ರು. ಇಷ್ಟ ವರ್ಷ ಓಡಿದ್ದು ತಗಸ್ಕೊಳ್ಳಾಕೇನ? ಹಂಗಂತ ಓಡಿದ್ರ ಪೂರಾ ಹರೀತೈತಿ, ಮತ್ತ ಯಾವತ್ತೂ ಓಡಾಕಾಗೂದಿಲ್ಲ, ಅದೂ ಗೊತ್ತಿತ್ತು. ನನ್ನ ಬಾಯಿಂದ ಬರವಲ್ದಾತು. ಮನ್ಯಾಗಿಂದ ಯಾರರ ಒಬ್ರು ಸಾಕವ್ವಾ ಅನ್ಲಿ, ಹೋಗಿ ಹೇಳ್ತೀನಿ ಅಂತ ಕಾಯ್ಕೋತ ಕುಂತೆ.”

“ಮರದಿನಾ ಫೋನ್ ಮಾಡಿದಾಗ ನೀನ ಹೇಳಬೌದಿತ್ತಲ್ಲ?”

“ಅಪ್ಪನ ದನಿ ಕೇಳಿದ್ದಿಲ್ಲ ನೀ? ಅಷ್ಟ ಖುಷಿ ಆದ ಮನಶಾಗ ಏನಂತ ಹೇಳ್ಲಿ?”

ಅಪ್ಪ ಒಳಗಿನಿಂದ ಕೇಳಿಸಿಕೊಂಡ. “ಅನೂ, ನನ್ನ ಕೆಟ್ಟಾವನ್ನ ಮಾಡಿ ಬರೀಬ್ಯಾಡವಾ ಮತ್ತ. ಖರೆ ಹೇಳಬೇಕಂದ್ರ ಮದಲ ನೋಡಿದಾಂವ ನಾನ.”

“ನೀವ ಎಲ್ಲಿ ನೋಡೀರಿ,” ಎಂದಳು ಅವ್ವ. “ನಾ ಬಾಗಲದಾಗಿಂದ ನೋಡೇನಿ, ನೀವು ಆಗ ಚಪ್ಪಾಳಿ ಹೊಡ್ಯಾಕತ್ತಿದ್ರಿ.”

ನಿನ್ನೆ ಗಿರಮಲ್ಲಪ್ಪ ಕಾಕಾ ಕೂಡ ಮೊದಲು ಕಂಡವನು ತಾನೇ ಎಂದ. ಗಂಡಾಂತರ ಕಳೆದ ಮೇಲೆ ಈಗ ಓಣಿಯ ತುಂಬ ಮೊದಲು ಕಂಡವರೇ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎಷ್ಟು ಹಗುರಾಗಿದ್ದೇವೆ ನಾವೆಲ್ಲ ಎನಿಸಿತು.

೫: ಮುಕ್ತಾಯಗಳು, ಬೇಕಾದದ್ದು ಆರಿಸಿಕೊಳ್ಳಿ

ಮೊದಲನೆಯದು. ಅಕ್ಕ ಫೈನಲ್ ಓಡುತ್ತಾಳೆ. ಹಲ್ಲು ಕಚ್ಚಿ ತಿರುವು ದಾಟುತ್ತಾಳೆ. ಪದಕ, ಬಾವುಟ, ರಬಕವಿಯಿಂದ ಬನಹಟ್ಟಿಯವರೆಗೆ ತೆರೆದ ಜೀಪಿನ ಮೆರವಣಿಗೆ. ಬರೆಯುವಾಗ ನನ್ನ ರೋಮ ನಿಂತವು. ಅಕ್ಕ ಓದಿ ಬಟ್ಟಲು ಕೆಳಗಿಟ್ಟಳು. “ಛಲೋ ಐತಿ. ಆದ್ರ ಇದನ್ನ ಓದಿ ಯಾವದರ ಹುಡುಗಿ ಹರದ ಕಾಲಿನ ಮ್ಯಾಲ ಓಡ್ತಾಳ. ಆಮ್ಯಾಲ ಆಕೀನ ನೀ ಎತಗೊಂಡ ತಿರಗತಿಯೇನ?”

ಎರಡನೆಯದು. ತಿರುವಿನ ನಡುವೆ ಬೀಳುತ್ತಾಳೆ. ಬ್ಯಾಟನ್ ಉರುಳಿ ಪಕ್ಕದ ಲೇನಿಗೆ ಹೋಗುತ್ತದೆ. ಇದನ್ನು ಪೂರ್ತಿ ಮಾಡಲಾಗಲಿಲ್ಲ. ನಡುವೆ ಎದ್ದು ಪಡಸಾಲೆಗೆ ಹೋಗಿ ಅವಳ ಕಾಲು ನೋಡಿ ಬಂದೆ. ಏನ ನೋಡ್ತಿ ಎಂದಳು. ಏನಿಲ್ಲ ಎಂದೆ.

ಮೂರನೆಯದು. ಅವಳ ಬದಲು ತಂಡದಲ್ಲಿ ಮೀಸಲಿಗಿದ್ದ ಹುಡುಗಿಯೊಬ್ಬಳು ಓಡುತ್ತಾಳೆ. ಅಕ್ಕ ಅವಳ ಜಾಕೆಟ್ ಹಿಡಿದು ಹೊರಗೆ ನಿಂತಿರುತ್ತಾಳೆ. ನನಗೆ ಇಷ್ಟವಾದದ್ದು ಇದು. ಆದರೆ ಅಕ್ಕ ತಕರಾರು ತೆಗೆದಳು. “ಆ ಹುಡುಗಿಗೆ ಒಂದ ಹೆಸರ ಇಟ್ಟಿಲ್ಲ ನೀ. ಬರೇ ನನ್ನ ಜಾಗಾ ತುಂಬಾಕ ತಂದೀದಿ. ಆಕೀಗೂ ಮನ್ಯಾಗ ಟಿವಿ ಮುಂದ ಕುಂತಾವ್ರು ಇರತಾರ.” ಖರೆ. ಆ ಮನೆ ಯಾವ ಊರಲ್ಲಿದೆಯೋ, ಅಲ್ಲಿ ಯಾವ ತಂಗಿ ಡೈರಿ ಬರೆಯುತ್ತಾಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಮನೆಯನ್ನು ಮುಕ್ತಾಯಕ್ಕೆ ಬಳಸಿಕೊಳ್ಳಲು ಮನಸ್ಸು ಬರಲಿಲ್ಲ.

ಮೂರರಲ್ಲಿ ಒಂದು ನಿಜವಿರಬಹುದು. ಒಂದೂ ಇಲ್ಲದೆಯೂ ಇರಬಹುದು. ಪಡಸಾಲೆಯಲ್ಲಿ ಚಾಚಿರುವ ಕಾಲು ನೋಡಿ ನೀವು ಲೆಕ್ಕ ಹಾಕುತ್ತಿದ್ದರೆ, ಕಾಲುಗಳು ವಾಸಿಯೂ ಆಗುತ್ತವೆ ಎಂದಷ್ಟೇ ಹೇಳಬಲ್ಲೆ.

೬

ಉಳಿದದ್ದು ಒಂದೇ ದೃಶ್ಯ, ಅದು ನನ್ನದು. ಹೀಟ್ಸ್‌ಗೂ ಫೈನಲ್‌ಗೂ ನಡುವಿನ ದಿನ, ಮಧ್ಯಾಹ್ನ. ಅಕ್ಕನ ಫೋನ್ ಬಂತು. ವಿಡಿಯೋ ಹತ್ತಲಿಲ್ಲ, ಬರೀ ಧ್ವನಿ. ಅಪ್ಪ ಸ್ಪೀಕರ್ ಹಾಕಿದ.

“ಊಟಾ ಆತೇನವಾ?”

“ಆತಪಾ.”

“ರೊಟ್ಟಿ ಸಿಗತಾವೇನ ಅಲ್ಲೆ?”

“ಇಲ್ಲಪಾ. ಬ್ರೆಡ್ ಕೊಡ್ತಾರ.”

“ತಲಿಗೆ ಎಣ್ಣಿ ಹಚಗೊಂಡಿಯಾ?” ಇದು ಅವ್ವ.

“ಹಚಗೊಂಡೇನ ಯವ್ವಾ.”

“ಬಿಸಲ ಹೆಂಗ ಐತಿ ತಂಗೀ?” ಇದು ಚಹಾಕ್ಕೆಂದು ಬಂದಿದ್ದ ಗಿರಮಲ್ಲಪ್ಪ ಕಾಕಾ.

“ನಮ್ಮಷ್ಟಿಲ್ಲ ಕಾಕಾ.”

ಪ್ರತಿ ಉತ್ತರದ ನಂತರ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು, ಇನ್ನೊಂದು ಪ್ರಶ್ನೆಗೆ ಜಾಗ ಬಿಟ್ಟ ಹಾಗೆ. ಆ ಜಾಗದಲ್ಲಿ ನಾವು ಎಣ್ಣೆ, ಬಿಸಿಲು, ಬ್ರೆಡ್ಡು ತುಂಬಿದೆವು. ಕೇಳುವುದೆಲ್ಲ ಮುಗಿದಾಗ ಅಪ್ಪ ಫೋನನ್ನು ನನ್ನ ಕೈಗಿಟ್ಟ. “ತಗೋ, ಅಕ್ಕನ ಜೋಡಿ ಮಾತಾಡು,” ಎಂದು ಒಳಗೆ ಹೋಗಿ ಮಗ್ಗ ಶುರು ಮಾಡಿಬಿಟ್ಟ. ಯಾಕೆ ಅಂತ ನನಗೆ ಗೊತ್ತು. ಆ ಸದ್ದಿನಲ್ಲಿ ಯಾರೂ ಏನನ್ನೂ ಕೇಳಿಸಿಕೊಳ್ಳಬೇಕಾಗಿರಲಿಲ್ಲ.

ಫೋನಿನಲ್ಲಿ ನಾನು ಸಾಮಾನ್ಯವಾಗಿ “ಹೂಂ” ಅನ್ನುತ್ತೇನೆ, ಕೊನೆಗೆ “ಇಡ್ಲಾ?” ಅನ್ನುತ್ತೇನೆ. ಅಕ್ಕನಿಗೂ ಅದು ಗೊತ್ತು.

“ಲೇ ಅನು, ಏನರ ಹೇಳ,” ಎಂದಳು.

ಮೆಲ್ಲಗೆ ಏನೋ ಅಂದೆ. ಮಗ್ಗ ಅದನ್ನು ನುಂಗಿತು.

“ಏನ? ಕೇಳವಲ್ದು.”

“ಅಕ್ಕಾ” ಎಂದು ಕೂಗಿದೆ. ಅದು ನನ್ನ ಧ್ವನಿ ಎಂದು ನನಗೂ ತಿಳಿಯಲಿಲ್ಲ. ಒಳಗೆ ಅಪ್ಪ ಏನಾಯಿತೋ ಎಂದು ಮಗ್ಗ ನಿಲ್ಲಿಸಿದ. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಕಾಕಾನ ಚಹಾದ ಕಪ್ಪು ಅರ್ಧದಾರಿಯಲ್ಲಿ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮತ್ತು ಮನೆ ಅಷ್ಟು ನಿಶ್ಶಬ್ದವಾಗಿತ್ತೆಂದರೆ ಇನ್ನು ಕೂಗುವ ಅಗತ್ಯವೇ ಇರಲಿಲ್ಲ.

(ಇದಾದ ಮೇಲೆ ಅಕ್ಕ ಏನು ಹೇಳಿದಳು, ಕೋಚ್ ಹತ್ತಿರ ಹೋದಳೋ ಇಲ್ಲವೋ, ಫೈನಲ್ ದಿನ ಟಿವಿಯಲ್ಲಿ ಯಾರು ಕಂಡರು, ಎಲ್ಲವೂ ನನಗೆ ಗೊತ್ತು. ಹೇಳುವುದಿಲ್ಲ. ಅದು ಅವಳ ಓಟ, ಬೇಕಾದರೆ ಅವಳೇ ಬರೆಯಲಿ. ನಾನು ನನ್ನ ಪಾಲಿನಷ್ಟು ಮಾತ್ರ ಹೇಳಿ ನಿಲ್ಲುತ್ತೇನೆ.)

“ಅಕ್ಕಾ, ನೀ ಕೈ ಮಾಡಿದ್ದು ನಾವೆಲ್ಲಾರೂ ನೋಡೀವಿ,” ಎಂದೆ. “ನೋಡಿಲ್ಲಂತ ಸುಳ್ಳ ಹೇಳಾಕತ್ತೀವಿ.”