ಕಂಬಿಯ ಬಾಗು

ಚಹದಂಗಡಿಯ ಪಕ್ಕದ ಮೆಟ್ಟಿಲ ಬಳಿ ಆ ಹುಡುಗಿ ಮತ್ತೆ ನಿಂತಿದ್ದಳು. ಫೋನಿನಲ್ಲಿದ್ದ ಚಿತ್ರವನ್ನು ಕಣ್ಣೆತ್ತರಕ್ಕೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿದು, ಕೈ ಇಳಿಸಿಬಿಡುತ್ತಿದ್ದಳು. ತೋಫುವಿನ ಚೀಲ ಹಿಡಿದು ಮನೆಗೆ ಹೊರಟಿದ್ದ ಮಿಹೊ ದೂರದಲ್ಲೇ ನಿಂತು ನೋಡಿದಳು.

ಇಲ್ಲಿನ ಬೀದಿಗಳನ್ನೇ ಚಿತ್ರವಾಗಿ ಬರೆದ ಆ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸಿನಿಮಾ, ಬಂದಾಗಿನಿಂದ ಈ ಬಂದರಿನ ಗುಡ್ಡದೂರಿಗೆ ಇಂಥವರು ಬರುತ್ತಲೇ ಇದ್ದರು. ಪರದೆಯ ಮೇಲೆ ಕಂಡ ಬೀದಿಯನ್ನು ಹುಡುಕಿ, ಅದು ಕಂಡ ಹಾಗೇ ಫೋಟೊ ತೆಗೆದುಕೊಂಡು ಹೋಗುವುದೇ ಅವರ ಯಾತ್ರೆ. ಕತೆಯ ನಾಯಕಿ ದಿನಾ ಇಳಿಯುವ ಮೆಟ್ಟಿಲು ಇದೇ ಎಂದು ಬೀದಿಯ ಸಂಘದವರು ಇಲ್ಲಿ ಫಲಕವನ್ನೂ ನೆಟ್ಟಿದ್ದರು.

ಇದಲ್ಲವೆಂದು ಮಿಹೊಗೆ ಗೊತ್ತಿತ್ತು. ನಿಜವಾದ ಮೆಟ್ಟಿಲು ಅವಳ ಮನೆಯ ಹಿಂದಿನ ಓಣಿಯಲ್ಲಿತ್ತು. ಲಕ್ವ ಹೊಡೆದು ಎದ್ದ ಅಜ್ಜ ಸಂಜೆ ಹೊತ್ತು ಅಲ್ಲೇ ಕೋಲೂರಿ ಹತ್ತಿ ಇಳಿದು ಕಾಲು ಪಳಗಿಸಿಕೊಳ್ಳುತ್ತಿದ್ದ. "ಹೀಗೆ ಕುಂಟೋದನ್ನ ಹೊರಗಿನೋರು ನೋಡಿದ್ರೋ, ಮಾರನೇ ದಿನದಿಂದ ನಾನು ಹಾಸಿಗೆ ಬಿಟ್ಟು ಏಳಲ್ಲ" ಎಂದಿದ್ದ. ಅಂದದ್ದನ್ನು ಮಾಡಿಯೇ ತೀರುವ ಜೀವ ಅದು. ಮಿಹೊ ಬಾಯಿ ಹೊಲಿದುಕೊಂಡಿದ್ದಳು.

"ಸಿನಿಮಾದೋರು ಬರೆದದ್ದೆಲ್ಲ ಊರಲ್ಲಿ ಇರ್ಬೇಕು ಅಂತೇನಿಲ್ಲ ತಾಯೀ! ಬಾ, ಬಿಸಿ ಚಹ ಕುಡಿ" ಎಂದು ಅಂಗಡಿಯಾಕೆ ನಕ್ಕಳು.

"ಚಿತ್ರದಲ್ಲಿ ಮೆಟ್ಟಿಲ ಪಕ್ಕ ಕೈ ಹಿಡಿಯೋಕಿರೋ ಆ ಸೊಟ್ಟ ಕಂಬೀನ ಒಂದ್ಸಲ ಮುಟ್ಟಿ ಹೋಗೋಣ ಅಂತ ಬಂದೆ ಅಕ್ಕಾ" ಎಂದಳು ಹುಡುಗಿ. "ಯಾರೋ ಮನಸ್ಸಿಗೆ ಬಂದ ಹಾಗೆ ಬರೆದಿರ್ಬೇಕು ಬಿಡಿ."

ಆ ಮಾತು ಮಿಹೊಗೆ ಚುಚ್ಚಿತು. ಹುಡುಗಿ ತಿರುವು ದಾಟುವವರೆಗೆ ಕಾದಳು. ಆಮೇಲೆ ಓಡಿಹೋದಳು.

"ಇದೆ. ಆ ಕಂಬಿ ಇದೆ. ಆದ್ರೆ ಫೋಟೊ ಎಲ್ಲೂ ಹಾಕ್ಬಾರ್ದು, ಯಾರಿಗೂ ಹೇಳ್ಬಾರ್ದು."

ಹುಡುಗಿ ಫೋನನ್ನು ಚೀಲದ ತಳಕ್ಕೆ ತುರುಕಿದಳು. ತನ್ನ ಹೆಸರು ತೊಮೊಎ ಎಂದಳು.

ಅಜ್ಜ ಇನ್ನೂ ಮಧ್ಯಾಹ್ನದ ನಿದ್ದೆಯಲ್ಲೇ ಇರುತ್ತಾನೆ ಎಂದು ಮಿಹೊ ಅಂದಾಜು ಮಾಡಿದ್ದಳು. ಅಂದಾಜು ತಪ್ಪಿತ್ತು. ಓಣಿಗೆ ತಿರುಗಿದರೆ ಮೆಟ್ಟಿಲ ನಡುವೆ ಅವನೇ ನಿಂತಿದ್ದ.

"ಯಾರೇ ಅದು?" ಅಜ್ಜ ಗೋಡೆಯ ಕಡೆ ಮುಖ ತಿರುಗಿಸಿದ.  "ಏನ್ ಹೇಳಿದ್ದೆ ನಿಂಗೆ?"

ಮಿಹೊ ಎರಡು ಹೆಜ್ಜೆ ಹಿಂದೆ ಸರಿದಳು. ತೊಮೊಎ ಮಾತ್ರ ತಲೆಬಾಗಿ ವಂದಿಸಿದವಳು ಅವನ ಕಾಲನ್ನು ನೋಡಲೇ ಇಲ್ಲ.

"ಅಯ್ಯೋ, ಇಲ್ಲೇ ಇದೆ! ಅಜ್ಜಾ, ನಿಮ್ಮ ಕೈ ಕೆಳಗಿರೋ ಈ ಬಾಗು! ಸಿನಿಮಾದಲ್ಲಿ ಆ ಹುಡುಗಿ ಇಳಿಯೋವಾಗೆಲ್ಲ ಇಲ್ಲೇ ಕೈ ಇಡ್ತಾಳೆ."

ಅಜ್ಜ ಮೆಲ್ಲಗೆ ಈ ಕಡೆ ತಿರುಗಿದ. "ಇದರ ಮೇಲಾ?"

"ಇದರ ಮೇಲೇ."

"ಇದು ನನ್ನ ಕೆಲಸ ಕಣಮ್ಮ! ಹೊಸ ಫ್ರಿಜ್ಜು ಹೊತ್ಕೊಂಡು ಬರ್ತಾ ಜಾರಿ ಬಿದ್ದೆ. ಫ್ರಿಜ್ಜಿಗೇನೂ ಆಗ್ಲಿಲ್ಲ, ಕಂಬಿ ಸೊಟ್ಟಗಾಯ್ತು. ನಮ್ಮವಳು ಇರೋ ತನಕ ಅದನ್ನೇ ಆಡಿಕೊಂಡ್ಳು."

"ನಿಮಗೇನೂ ಆಗ್ಲಿಲ್ವಾ?"

"ಅದನ್ನ ಅವಳು ಕೇಳ್ಲೇ ಇಲ್ಲ."

ತೊಮೊಎ ಕಿಲಕಿಲ ನಕ್ಕಳು. 

"ಫೋಟೊ ತೆಗೀಬೇಕು ತಾನೇ? ತಾಳು, ಮೇಲೆ ಹೋಗಿ ಜಾಗ ಬಿಡ್ತೀನಿ."

"ನಿಧಾನಕ್ಕೆ ಅಜ್ಜಾ. ನಂಗೇನೂ ಅವಸರ ಇಲ್ಲ."

ಅವನು ಹತ್ತತೊಡಗಿದ. ಒಂದು ಕಾಲು ಮುಂದೆ, ಇನ್ನೊಂದು ಅದರ ಹಿಂದೆ ಎಳೆದುಕೊಂಡು. ತೊಮೊಎ ಬೆನ್ನು ತಿರುಗಿಸಿ ಸಮುದ್ರ ನೋಡುತ್ತಾ ಕುಳಿತಳು. ಕೆಳಗೆ ದೋಣಿಯೊಂದು ದ್ವೀಪದ ಕಡೆ ಹೊರಟಿತ್ತು. ಅಜ್ಜ ಮೇಲೆ ಮುಟ್ಟುವಷ್ಟರಲ್ಲಿ ಸೂರ್ಯ ಆ ದ್ವೀಪದ ಹಿಂದೆ ಸರಿದು, ಚಿತ್ರದಲ್ಲಿದ್ದ ಬೆಳಕೇ ಮೆಟ್ಟಿಲ ಮೇಲೆ ಇರಲಿಲ್ಲ.

"ಕೆಡಿಸ್ಬಿಟ್ಟೆನಲ್ಲೇ ನಿನ್ನ ಫೋಟೊ!"

"ನಾಳೆ ಬರ್ತೀನಿ ಬಿಡಿ." ತೊಮೊಎ ಎದ್ದು, ಬಾಗಿನ ಮೇಲೆ ಒಮ್ಮೆ ಅಂಗೈ ಇಟ್ಟು ಹೋದಳು.

ರಾತ್ರಿ ಅಜ್ಜ ಉಂಡು ಮಲಗಿದ. ಮರುದಿನ ಮಧ್ಯಾಹ್ನವೂ ಅವನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು. ಹಾಸಿಗೆ ಬಿಟ್ಟು ಏಳಲ್ಲ ಎಂದು ಅವನು ಅಂದದ್ದನ್ನು ಮಿಹೊ ನೆನೆದಳು. ಸಂಜೆ ಆಗುವ ಮೊದಲೇ ಕರೆಯಲು ಹೋದಳು.

ಹಾಸಿಗೆ ಬರಿದಾಗಿತ್ತು. ಅಜ್ಜ ಹೊರಬಾಗಿಲ ಹೊಸಿಲ ಮೇಲೆ ಕುಳಿತು, ತಲೆಗೆ ಟೋಪಿ ಏರಿಸಿ, ಸೊರಗಿದ ಕಾಲನ್ನು ಬೂಟಿನೊಳಗೆ ತೂರಿಸಲು ಹೆಣಗುತ್ತಿದ್ದ.

"ನೋಡ್ತಾ ನಿಂತೆಯಲ್ಲೇ! ಹಿಡಿ ಈ ಬೂಟು" ಎಂದ. "ಆ ಹುಡುಗಿ ಬರೋದ್ರೊಳಗೆ ನಾನು ಮೆಟ್ಟಿಲು ಹತ್ತಿ ಮೇಲಿರ್ಬೇಕು."