ಮೂರು ಲೋಡು, ಮೂರು ಸೆಟ್ಟು

ಸೋತ ಮಾರನೇ ದಿನವೇ ಮೀಟಿಂಗ್. ಅದೂ ಎಲ್ಲಿ? ಗಂಗಾಧರಸ್ವಾಮಿಯವರ ಈರುಳ್ಳಿ ಮಂಡಿಯಲ್ಲಿ. ಗುಂಡ್ಲುಪೇಟೆ ವಾಲಿಬಾಲ್ ಟೀಮಿಗೆ ಅಧ್ಯಕ್ಷರೂ ಅವರೇ, ಟೀಮಿನ ಆರು ಹುಡುಗರು ಮೂಟೆ ಹೊರುವ ಮಂಡಿಗೆ ಯಜಮಾನರೂ ಅವರೇ. ಕಮಿಟಿಯವರು ಕುರ್ಚಿ ಹಿಡಿದರು, ಹುಡುಗರು ಮೂಟೆಗಳಿಗೆ ಒರಗಿದರು. ಕೋಚ್ ರಿಯಾಜ್‌ನನ್ನು ಮಾತ್ರ ನಡುವೆ ನಿಲ್ಲಿಸಿದರು, ಕದ್ದು ಸಿಕ್ಕಿಬಿದ್ದವನ ಹಾಗೆ.

ರಿಯಾಜ್ ವೆಲ್ಡಿಂಗ್ ಕೆಲಸದವನು. ಒಂಬತ್ತು ವರ್ಷದಿಂದ ಬಿಡಿಗಾಸು ಮುಟ್ಟದೆ ಟೀಮು ಕಟ್ಟಿದವನು. ನೆಟ್ಟಿನ ಕಂಬಗಳನ್ನೂ ತಾನೇ ಮಾಡಿ ನೆಟ್ಟಿದ್ದ. ಕೋಚ್ ಅನ್ನುವ ಹೆಸರು ಬಿಟ್ಟರೆ ಊರಿನಲ್ಲಿ ಅವನಿಗೆ ಬೇರೆ ಮರ್ಯಾದೆಯೇನೂ ಇರಲಿಲ್ಲ. ಈಗ ಅದನ್ನೇ ಕಿತ್ತುಕೊಳ್ಳಲು ಕೂತಿದ್ದರು.

“ಚಾಮರಾಜನಗರದೋರ್ಗೆ ಮೂರಕ್ಕೆ ಮೂರ್ ಸೆಟ್ಟೂ ಬುಟ್‌ಬಂದವ್ರೆ,” ಅಂದರು ಗಂಗಾಧರಸ್ವಾಮಿ, ಎಲೆಗೆ ಸುಣ್ಣ ಸವರುತ್ತ. “ಓದ್ ವರ್ಸ ಗೆದ್ದಿದ್ದೂ ಇದೇ ಐಕ್ಳೇ. ಕೋಚ್ ಸರೀಗಿಲ್ಲ ಕಣ್ರಪ್ಪ.”

ರಿಯಾಜ್‌ಗೆ ಮೈಯೆಲ್ಲ ಉರಿಯಿತು. ನಿನ್ನೆ ಬೆಳಿಗ್ಗೆ ಇದೇ ಮನುಷ್ಯ ಫೋನ್ ಮಾಡಿ, “ನೀವ್ ಮುಂದಾಗಿ ಓಗಿ ಟೀಮ್ ಎಸ್ರು ಬರ್ಸಿ ಸಾಬ್ರೆ, ಐಕ್ಳುನ್ನ ನಮ್ ಗಾಡೀಲಿ ಕಳುಸ್ತೀನಿ” ಅಂದಿದ್ದರು. ನಂಬಿ ಹೋಗಿದ್ದ. ಮೂರು ಗಂಟೆಯ ಆಟಕ್ಕೆ ಹುಡುಗರು ಬಂದಿದ್ದು ಎರಡೂ ಮುಕ್ಕಾಲಿಗೆ. ಸ್ಮ್ಯಾಶ್ ಹೊಡೆಯುವುದರಲ್ಲಿ ಜಿಲ್ಲೆಗೇ ಹೆಸರಾದ ಸೋಮೇಶ ಎಗರಿದ, ತೋಳು ಮೇಲೇಳಲಿಲ್ಲ, ಚೆಂಡು ನೆಟ್ಟಿಗೆ ಬಿತ್ತು. “ತಿಂದಿದ್ದೆಲ್ಲ ಎಲ್ಗೋಯ್ತಲಾ?” ಅಂತ ರಿಯಾಜ್ ಅಷ್ಟು ಜನರೆದುರು ಅವನನ್ನು ಬೈದ. ಹತ್ತಿರ ಹೋದಾಗ ಕಂಡಿತು, ಕಾಲರಿನೊಳಗೆ ಈರುಳ್ಳಿ ಸಿಪ್ಪೆ.

ನಿನ್ನೆ ಮಂಡಿಯಿಂದ ಕೇರಳಕ್ಕೆ ಮೂರು ಲೋಡು ಈರುಳ್ಳಿ. ರಾತ್ರಿ ಬಂಡೀಪುರದ ಗೇಟು ಹಾಕುವ ಮೊದಲು ಲಾರಿಗಳು ಕಾಡು ದಾಟಬೇಕಂತೆ. ಅದಕ್ಕೆ ನಸುಕಿನಿಂದ ಆರೂ ಜನರ ಹೆಗಲ ಮೇಲೆ ಮೂಟೆ. ಮೂರನೇ ಲಾರಿ ತುಂಬಿದ ಮೇಲೇ ಅವರನ್ನು ಆಟಕ್ಕೆ ಬಿಟ್ಟಿದ್ದು. ಗೊತ್ತಿಲ್ಲದೆ ಬೈದನಲ್ಲ, ಅದಕ್ಕೆ ರಿಯಾಜ್‌ಗೆ ತನ್ನ ಮೇಲೂ ಸಿಟ್ಟಿತ್ತು.

“ಸ್ವಾಮ್ಯೋರೆ, ಆಟದ್ ದಿನ ಮೂಟೆ ಒರ್ಸಿದ್ ಯಾರು?”

“ಆಟ ಅಂತ ಯಾಪಾರ ನಿಲ್ಸಕ್ಕಾಯ್ತದಾ? ಕೂಲಿ ಕೊಟ್ಟಿವ್ನಿ. ವಯಸ್ಸಿನ್ ಐಕ್ಳು, ನಾಕ್ ಮೂಟೆ ಒತ್ರೆ ಸವ್ದೋಗ್ಬುಟ್ಟಾರಾ?”

ಕಮಿಟಿಯವರು ನಕ್ಕರು. ನಗುವುದಕ್ಕೇನು, ಅವರ್‍ಯಾರ ಹೆಗಲೂ ನೋಯುತ್ತಿರಲಿಲ್ಲ.

“ಮಾತ್ ಸಾಕು,” ಅಂದರು ಗಂಗಾಧರಸ್ವಾಮಿ. “ಇವ್ರೇ ಕೋಚಾಗಿರ್ಲಿ ಅನ್ನೋರು ಕೈ ಎತ್ರುಲಾ.”

ನಾಳೆ ಕೂಲಿ ಕೊಡುವವನ ಎದುರು ಯಾವನು ಕೈ ಎತ್ತುತ್ತಾನೆ? ರಿಯಾಜ್ ನೆಲ ನೋಡುತ್ತ ನಿಂತ.

ಸೋಮೇಶ ಕೈ ಎತ್ತಿದ. ಅದು ಹೆಗಲಿನವರೆಗೆ ಬಂದು ನಿಂತಿತು. ಹಲ್ಲು ಕಚ್ಚಿ, ಎಡಗೈಯಿಂದ ಮೊಣಕೈ ಹಿಡಿದು ಮೇಲಕ್ಕೆ ತಳ್ಳಿದ. ಕಿವಿ ದಾಟಲಿಲ್ಲ. ಮಿಕ್ಕ ಐವರೂ ಎತ್ತಿದರು. ಒಬ್ಬನ ಕೈಯೂ ತಲೆಗಿಂತ ಮೇಲೆ ಹೋಗಲಿಲ್ಲ.

“ಸರ್‍ಯಾಗ್ ಎತ್ರುಲಾ,” ಅಂದರು ಗಂಗಾಧರಸ್ವಾಮಿ.

“ಇಷ್ಟೇ ಸ್ವಾಮಿ ಎತ್ತಕ್ಕಾಗೋದು,” ಅಂದ ಸೋಮೇಶ.

ರಿಯಾಜ್ ತೀರ್ಮಾನ ಬರೆಯುವ ಮೀಟಿಂಗ್ ಪುಸ್ತಕವನ್ನು ಅಧ್ಯಕ್ಷರ ಮುಂದೆ ದೂಡಿದ. “ಬರ್ಕಳಿ ಸ್ವಾಮ್ಯೋರೆ,” ಅಂದ. “ಈ ಕೈ ಮೇಲ್ಕೇಳ್ದೆ ಇರೋದ್ಕೂ ಕೋಚೇ ಕಾರ್ಣ ಅಂತ ಬರ್ಕಳಿ.”